ತಲೆ ಎತ್ತದವರ ಮುಂದೆ ಕಾಟಲಿಂಗಪ್ಪ

ನಾನು ಪಾಠ ಹೇಳಿಕೊಟ್ಟ ನಟ ಎದುರಿಗೆ ನಿಂತನೆಂದರೆ, ನೋಡುವವನ ಕಣ್ಣು ಆಚೀಚೆ ಅಲ್ಲಾಡಿದ್ದು ನಾಲ್ಕು ತಾಲ್ಲೂಕಿನ ಚರಿತ್ರೆಯಲ್ಲೇ ಇಲ್ಲ. ಹೊಸದುರ್ಗದಲ್ಲಿ ನನ್ನ ಶಿಷ್ಯನ ದುರ್ಯೋಧನನನ್ನು ನೋಡಿದ ಒಬ್ಬ ಶೇಂಗಾ ವ್ಯಾಪಾರಿ ರೆಪ್ಪೆ ಬಡಿಯುವುದನ್ನೇ ಮರೆತುಬಿಟ್ಟ. ಬಿಟ್ಟ ಕಣ್ಣಲ್ಲೇ ಮೂರು ದಿನ ಅಂಗಡಿ ನಡೆಸಿದ. ಕೊನೆಗೆ ಅವನ ಹೆಂಡತಿ ಒದ್ದೆ ಬಟ್ಟೆ ಒತ್ತಿ ರೆಪ್ಪೆ ಇಳಿಸಬೇಕಾಯಿತು. ಹೊಳಲ್ಕೆರೆಯಲ್ಲಂತೂ ಸೊಳ್ಳೆಗಳೂ ಕಚ್ಚುವುದನ್ನು ಬಿಟ್ಟು ಜನರ ಹೆಗಲ ಮೇಲೆ ಸಾಲಾಗಿ ಕೂತು ನಾಟಕ ನೋಡಿದವು. ಹಾರ್ಮೋನಿಯಂ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಊರೂರಿಗೆ ನಾಟಕ ಕಲಿಸುತ್ತಿದ್ದ ಇಂಥ ಮೇಷ್ಟ್ರ ಕೈಯಲ್ಲಿ ಪಳಗಿದವನು ಕಾಟಲಿಂಗಪ್ಪ ಎಂದರೆ ಅವನ ಕಥೆ ಅರ್ಧ ಮುಗಿದ ಹಾಗೆ. ಉಳಿದರ್ಧವನ್ನೂ ಹೇಳಿಬಿಡುತ್ತೇನೆ.

ಕಾಟಲಿಂಗಪ್ಪ ಜೋಗಿಮಟ್ಟಿ ತಪ್ಪಲಿನ ಹಟ್ಟಿಯವನು. ಅರವತ್ತು ಕುರಿ, ಒಂದು ಕೋಲು, ಒಂದು ಕಂಬಳಿ, ಕೆಂಚಕ್ಕನೆಂಬ ಹೆಂಡತಿ. ಆಳು ಎಷ್ಟು ಉದ್ದವೆಂದರೆ ಅವನ ತಲೆಯ ಮೇಲೆ ಬಿದ್ದ ಮಳೆ ಕಾಲಿಗೆ ಇಳಿಯುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ನಮ್ಮ ಕಡೆ ಊರ ನಾಟಕದಲ್ಲಿ ಪಾತ್ರ ಸಿಗುವುದು ಗಂಟಲು ನೋಡಿ ಅಲ್ಲ, ವಂತಿಗೆ ನೋಡಿ. ಹೆಚ್ಚು ಹಾಕಿದವನು ದುರ್ಯೋಧನ, ಅವನಿಗಿಂತ ಒಂದು ಕೈ ಕಡಿಮೆಯವನು ಭೀಮ. ಕಾಟಲಿಂಗಪ್ಪ ವರ್ಷಕ್ಕೊಂದು ಕಂಬಳಿ ತಂದು ಕೊಡುತ್ತಿದ್ದ. ಕಂಬಳಿಗೆ ಬರುತ್ತಿದ್ದುದು ದೂತನ ಪಾತ್ರ. "ಪ್ರಭೂ, ಶ್ರೀಕೃಷ್ಣ ಪರಮಾತ್ಮರು ಆಗಮಿಸಿದ್ದಾರೆ." ಅಷ್ಟೇ. ಹನ್ನೆರಡು ವರ್ಷ, ಹನ್ನೆರಡು ಕಂಬಳಿ, ಆ ಒಂದೇ ಮಾತು.

"ನಿನ್ ಪಾತ್ರ ನೋಡಾಕೆ ಹೋದ್ರೆ ಸೀನಂಗಿಲ್ಲ ನೋಡು," ಎಂದು ಕೆಂಚಕ್ಕ ಆಡಿಕೊಳ್ಳುತ್ತಿದ್ದಳು. "ಹೋದ್ ವರ್ಷ ಒಂದ್ಸಲ ಸೀನ್ದೆ. ಕಣ್ ತೆಗೆಯಾದ್ರೊಳಗೆ ನೀನು ಪರದೆ ಹಿಂದೆ ಬೀಡಿ ಸೇದ್ತಿದ್ದೆ."

"ಒಂದಿನ ಒಂದುಸಿರಿಗಿಂತ ಉದ್ದದ ಮಾತು ಆಡ್ತೀನಿ ಕಣೆ. ಅವತ್ತು ಎಷ್ಟು ಬೇಕಾದ್ರೂ ಸೀನು."

ಅವನಿಗೆ ಬೇಕಾಗಿದ್ದುದು ಅದೊಂದೇ. ಪರದೆಯ ಹಿಂದೆ ನಿಂತು ಕೇಳಿ ಕೇಳಿ ಎಲ್ಲರ ಮಾತುಗಳೂ ಅವನ ನಾಲಿಗೆಗೆ ಹತ್ತಿಬಿಟ್ಟಿದ್ದವು. ಅವನ್ನೆಲ್ಲ ಜೋಗಿಮಟ್ಟಿಗೆ ಹೊತ್ತುಕೊಂಡು ಹೋಗಿ ಕುರಿಗಳ ಮುಂದೆ ಆಡುತ್ತಿದ್ದ. ಬೆಳಿಗ್ಗೆ ಅಲ್ಲಿ ಮೋಡ ಇಳಿದು ಬೋದೆಹುಲ್ಲಿನ ಮೇಲೆ ಮಲಗಿರುತ್ತದೆ. ಯಾವುದು ಮೋಡ, ಯಾವುದು ಕುರಿ ಎಂದು ತಿಳಿಯಬೇಕಾದರೆ ಮುಟ್ಟಿ ನೋಡಬೇಕು. ಆ ಬಿಳುಪಿನ ನಡುವೆ ನಿಂತು ಅವನು ಕರ್ಣನಾಗಿ ಸಾಯುತ್ತಿದ್ದ, ಕುಂತಿಯಾಗಿ ಅಳುತ್ತಿದ್ದ, ಮತ್ತೆ ಎದ್ದು ಕೃಷ್ಣನಾಗಿ ನಗುತ್ತಿದ್ದ. ದನಿ ಮೆಲ್ಲಗೆ ತೇಲಿ ಕಣಿವೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದು, ಇನ್ನೊಬ್ಬರ ದನಿಯ ಹಾಗೆ ತಿರುಗಿ ಬರುತ್ತಿತ್ತು. ಕುರಿಗಳು ತಲೆ ಬಗ್ಗಿಸಿ ಮೇಯುತ್ತಲೇ ಇರುತ್ತಿದ್ದವು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಕೋಟೆಯಲ್ಲಿ ಸಿನಿಮಾ ತೆಗೆಯುವುದಕ್ಕೆ ಒಂದು ತಂಡ ಬಂದು ಚಿತ್ರದುರ್ಗದ ಪ್ರವಾಸಿ ಮಂದಿರದಲ್ಲಿ ಇಳಿಯಿತು. ಕೋಟೆಬಾಗಿಲು ಕಾಯುವ ಕಾವಲುಗಾರನ ಪಾತ್ರಕ್ಕೆ ಈ ಕಡೆಯವನೇ ಬೇಕಂತೆ, ಪೂರಾ ಒಂದು ಹಾಳೆ ಮಾತು ಇದೆಯಂತೆ ಎಂಬ ಸುದ್ದಿ ಹಬ್ಬಿತು. ಸುದ್ದಿ ಮುಟ್ಟಿದಾಗ ಕಾಟಲಿಂಗಪ್ಪ ಬೆಟ್ಟದ ನೆತ್ತಿಯ ಮೇಲಿದ್ದ. ಕುರಿಗಳನ್ನು ಕೆಂಚಕ್ಕನಿಗೆ ಒಪ್ಪಿಸಿ ಎಷ್ಟು ಜೋರಾಗಿ ಇಳಿದನೆಂದರೆ ಅವನ ನೆರಳು ದಾರಿಯಲ್ಲೇ ಹಿಂದೆ ಬಿದ್ದು, ಅರ್ಧ ಗಂಟೆ ತಡವಾಗಿ ಊರು ಸೇರಿತು.

ನಾನೂ ಮೂವರು ಶಿಷ್ಯರನ್ನು ಕಟ್ಟಿಕೊಂಡು ಹೋದೆ. ಸತ್ಯ ಹೇಳಬೇಕೆಂದರೆ, ಕಟ್ಟಿಕೊಂಡು ಹೋದದ್ದು ಇಬ್ಬರನ್ನು. ಕಾಟಲಿಂಗಪ್ಪ ತಾನಾಗಿಯೇ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದ.

ಒಳಗೆ ನಿರ್ದೇಶಕರು ಮೇಜಿನ ಮುಂದೆ ಕೂತಿದ್ದರು. ತಿಂಗಳಿಂದ ಊರೂರಿನ ನಟರನ್ನು ನೋಡಿ ಅವರ ಕಣ್ಣು ಕೆಲಸ ಬಿಟ್ಟಿದ್ದಿರಬೇಕು. ಮುಂದೆ ಒಂದು ತಟ್ಟೆ ಖಾರದ ಮಂಡಕ್ಕಿ, ಪಕ್ಕದಲ್ಲಿ ಮಡಿಸಿದ ಪತ್ರಿಕೆ. ಒಂದು ತುತ್ತು ಮಂಡಕ್ಕಿ, ಒಂದು ಸಾಲು ಸುದ್ದಿ. ಅವರ ಸಹಾಯಕ ಗೋಡೆಗೆ ಒರಗಿ ಪೆನ್ಸಿಲಿನಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

ಮೊದಲು ಹೋದವನು ಹೊಳಲ್ಕೆರೆಯ ಜವಳಿ ಅಂಗಡಿ ಏಕಾಂತಪ್ಪ. ಮೇಲೆ ಹೇಳಿದ ದುರ್ಯೋಧನ ಅವನೇ. ಹಾಳೆ ಹಿಡಿದು ಶುರು ಮಾಡಿದ. ನಿರ್ದೇಶಕರು ಮೆಣಸಿನಕಾಯಿಯ ತೊಟ್ಟು ಮುರಿದರು. ಏಕಾಂತಪ್ಪ ದನಿ ಏರಿಸಿದ, ಕಿಟಕಿಯ ಗಾಜು ನಡುಗಿತು. ಅವರು ಪತ್ರಿಕೆ ತಿರುವಿದರು. ಅವನು ಕೆಮ್ಮಿದ, ತೊಡೆ ತಟ್ಟಿದ, ಕೊನೆಗೆ ತಡೆಯಲಾರದೆ, "ಸಾರ್, ನೋಡ್ತಾ ಇದೀರೇನ್ರಿ?" ಎಂದ.

"ನೋಡ್ತಿದೀನಲ್ಲ, ಮುಂದೆ ಹೇಳಿ," ಎಂದರು ಅವರು, ಪತ್ರಿಕೆಯ ಕಡೆಗೆ. ಏಕಾಂತಪ್ಪನಿಗೆ ಮುಂದಿನ ಮಾತು ಅಳಿಸಿಹೋಯಿತು.

ಆಮೇಲೆ ಹಿರಿಯೂರಿನ ತೆಂಗಿನಕಾಯಿ ಮಂಡಿಯ ಮೂಡಲಗಿರಿಯಪ್ಪ. ಅವನು ವ್ಯಾಪಾರಸ್ಥ, ಉಪಾಯ ಬಲ್ಲವನು. ಸೀದಾ ಹೋಗಿ ಮೇಜಿಗೆ ಹೊಟ್ಟೆ ತಾಗಿಸಿಕೊಂಡು ನಿಂತು, ತಟ್ಟೆಯ ನೆತ್ತಿಯ ಮೇಲೇ ಅಭಿನಯ ಶುರು ಮಾಡಿದ. ನಿರ್ದೇಶಕರು ತಟ್ಟೆಯನ್ನು ಎಡಕ್ಕೆ ಸರಿಸಿಕೊಂಡರು. ಅವನೂ ಎಡಕ್ಕೆ ಹೋದ. ಅವರು ಬಲಕ್ಕೆ ಸರಿಸಿದರು. ಹೀಗೆ ಮೇಜಿನ ಸುತ್ತ ಎರಡು ಪ್ರದಕ್ಷಿಣೆ ಆದ ಮೇಲೆ ಅವನಿಗೆ ತಲೆ ತಿರುಗಿ ಕೂತುಬಿಟ್ಟ.

ಕಾಟಲಿಂಗಪ್ಪನಿಗೆ ಓದು ಬರಹ ಬಾರದು. ಸಹಾಯಕ ಹಾಳೆಯನ್ನು ಎರಡು ಸಲ ಓದಿದ. ಇವನು ಕಣ್ಣು ಮುಚ್ಚಿ ಕೇಳಿ, "ಆತು ಬಿಡ್ರಿ," ಎಂದ. ನಾನು ಅವನ ಕಂಬಳಿ ಜಗ್ಗಿ ಪಿಸುಗುಟ್ಟಿದೆ: "ಲೇ, ದನಿ ಎತ್ತಿ ಹೇಳು. ಆ ಮನುಷ್ಯ ತಲೇನೇ ಎತ್ತಲ್ಲ."

"ಚಲೋ ಆತಲ್ಲ ಮೇಷ್ಟ್ರೆ. ತಲೆ ಬಗ್ಸಿದ್ರೆ ಸಮಾಧಾನದಾಗೆ ಅವರೆ ಅಂತ. ದನಿ ಎತ್ತಿದ್ರೆ ಬೆದರ್ತಾರೆ."

ಕೋಲಿನ ಮೇಲೆ ಗದ್ದ ಊರಿ ನಿಂತು, ಪಕ್ಕದವನಿಗೆ ಹೇಳುವ ಹಾಗೆ ಶುರು ಮಾಡಿದ: "ದೊರೆಯೇ, ಈ ಬಾಗಿಲಿಗೆ ಬೆನ್ನು ಕೊಟ್ಟು ನಲವತ್ತು ವರ್ಷ ನಿಂತೆ. ಇದರ ಮರ ಯಾವುದು, ನನ್ನ ಬೆನ್ನು ಯಾವುದು, ನನಗೇ ಮರೆತಿದೆ. ಇದನ್ನು ತೆರೆ ಎನ್ನುತ್ತೀರಿ. ಯಾವುದನ್ನು ತೆರೆಯಲಿ?"

ಮಂಡಕ್ಕಿ ಅಗಿಯುವ ಕರುಕುರು ಸದ್ದು ಹುಲ್ಲು ಮೇಯುವ ಸದ್ದಿನಂತೆಯೇ ಇತ್ತು. ಅವನ ಮಾತು ಆ ಸದ್ದಿನ ಮೇಲೆ ಹಗುರಾಗಿ ಕೂತು ಹೊರಟಿತು. ಕೋಣೆಯ ಗೋಡೆಗಳು ಸದ್ದಿಲ್ಲದೆ ಹಿಂದೆ ಸರಿದವು, ನೀವು ನಂಬಲಿಕ್ಕಿಲ್ಲ. ಎಲ್ಲಿಂದಲೋ ತಣ್ಣನೆ ಗಾಳಿ ಬಂತು, ಕಾಲ ಕೆಳಗಿನ ಸಿಮೆಂಟು ನೆಲ ಮೆತ್ತಗಾಯಿತು. ಕಾವಲುಗಾರನ ನಲವತ್ತು ವರ್ಷಗಳು ಒಂದೊಂದಾಗಿ ಮೋಡದಿಂದ ಹೊರಬಂದು, ನಮ್ಮನ್ನು ನೋಡಿ, ಮತ್ತೆ ಮೋಡದೊಳಗೆ ಹೋದವು. ನನಗಂತೂ ನನ್ನ ಹೆಸರೇ ಮರೆತಿತ್ತು.

ಕರುಕುರು ನಿಧಾನವಾಯಿತು, ನಿಂತಿತು. ನಿರ್ದೇಶಕರು ಮೆಲ್ಲಗೆ ತಲೆ ಎತ್ತಿದರು. ಸಹಾಯಕನ ಪೆನ್ಸಿಲು ಕಿವಿಯಲ್ಲೇ ಉಳಿಯಿತು. ಏಕಾಂತಪ್ಪ, ಮೂಡಲಗಿರಿಯಪ್ಪ, ಮಂಡಕ್ಕಿ ತಂದಿಟ್ಟಿದ್ದ ಅಡಿಗೆಯ ಮುದುಕ, ಎಲ್ಲರೂ ಕತ್ತು ನೀಡಿ ಅವನನ್ನೇ ನೋಡಿದರು.

ಕಾಟಲಿಂಗಪ್ಪ ಅರ್ಧ ಮಾತಿಗೆ ನಿಲ್ಲಿಸಿಬಿಟ್ಟ. ಗಕ್ಕನೆ ಬೆನ್ನು ತಿರುಗಿಸಿ, ಕೋಲು ಎತ್ತಿ ಹಿಡಿದು, ನಮಗೂ ಬಾಗಿಲಿಗೂ ನಡುವೆ ಅಡ್ಡ ನಿಂತು ಹೊರಗೆ ಇಣುಕಿದ. ಕೈಗೆ ಬಂದ ಪಾತ್ರವನ್ನು ಹಾಳು ಮಾಡಿಕೊಂಡನಲ್ಲ!

"ಯಾಕಪ್ಪಾ ನಿಲ್ಲಿಸಿದೆ?" ಎಂದರು ನಿರ್ದೇಶಕರು.

"ಎಲ್ರೂ ಒಟ್ಟಿಗೇ ತಲೆ ಎತ್ತಿದ್ರಲ್ಲ ಸ್ವಾಮಿ. ತೋಳ ಬಂತು ಅನ್ಕಂಡೆ."

"ತೋಳವೇ? ಪ್ರವಾಸಿ ಮಂದಿರಕ್ಕೆ?"

"ಕುರಿ ತಲೆ ಎತ್ತಾದು ಅದ್ಕೊಂದ್ಕೆ ಸ್ವಾಮಿ. ನಾನು ಮಾತು ಕಲ್ತಿದ್ದೇ ಅವುಗಳ ಮುಂದೆ."

ನಿರ್ದೇಶಕರು ನಗುವುದಕ್ಕೆ ಹೋಗಿ ಕೆಮ್ಮಿದರು, ಮಂಡಕ್ಕಿ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. "ಸರಿ, ಮುಂದಿನದು ಹೇಳು. ಈಗ ನಿಜವಾಗಿ ನೋಡ್ತೀನಿ."

"ನೀವು ನೋಡಿದ್ರೆ ನನ್ ಕೈಲಾಗಲ್ಲ. ನೀವು ತಿನ್ರಿ, ನಾನು ಹೇಳ್ತೀನಿ."

ಕನ್ನಡ ಚಿತ್ರರಂಗದ ಅಷ್ಟು ದೊಡ್ಡ ಮನುಷ್ಯ ವಿಧೇಯವಾಗಿ ತಲೆ ಬಗ್ಗಿಸಿ ಬರೀ ತಟ್ಟೆಯನ್ನು ಅಗಿದರು. ತಟ್ಟೆ ಖಾಲಿಯಾಗಿತ್ತು ಎಂಬುದು ಅವರಿಗೆ ಗೊತ್ತಾಗಲಿಲ್ಲ, ನಮಗೂ ಆಮೇಲೆಯೇ ಗೊತ್ತಾದದ್ದು. ಕಾಟಲಿಂಗಪ್ಪ ಹಾಳೆಯ ಕೊನೆಯ ಮಾತಿನವರೆಗೂ ಹೋಗಿ, ಬಾಗಿಲಿಗೆ ಬೆನ್ನು ಕೊಟ್ಟು ಕಾವಲುಗಾರನಾಗಿಯೇ ಕುಸಿದು ಕಣ್ಣು ಮುಚ್ಚಿದ. ಅಡಿಗೆಯ ಮುದುಕ ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡ. ಸಹಾಯಕ ಯಾರನ್ನೂ ಕೇಳದೆ ಹೆಸರು ಬರೆದುಕೊಂಡ.

"ಸೋಮವಾರ ಕೋಟೆಗೆ ಬಾ," ಎಂದರು ನಿರ್ದೇಶಕರು. "ಒಂದು ಮಾತನ್ನೂ ಕತ್ತರಿಸೋದಿಲ್ಲ. ಕ್ಯಾಮೆರಾದವನಿಗೆ ಕಣ್ಣು ಮುಚ್ಚಿಕೊಂಡು ತೆಗಿ ಅಂತ ಹೇಳ್ತೀನಿ."

ಕಾಟಲಿಂಗಪ್ಪ ಎದ್ದು ಕೈಮುಗಿದ. ಕಣ್ಣು ಒದ್ದೆಯಾಗಿತ್ತು.

"ಎಷ್ಟೋ ಕಡೆ ನಟರನ್ನು ನೋಡಿದೀನಿ," ಎಂದು ನಿರ್ದೇಶಕರು ಮುಂದುವರಿಸಿದರು. "ಯಾರೂ ನೋಡದೆ ಇದ್ರೂ ಕುಗ್ಗದೆ ಆಡೋದು ಸುಲಭ ಅಲ್ಲ. ಕುರಿಗಳ ವಿಷಯ ಇರಲಿ. ಮನುಷ್ಯರಲ್ಲಿ ನಿನಗೆ ಇದನ್ನು ಕಲಿಸಿದವರು ಯಾರಯ್ಯಾ?"

ನಾನು ಕೋಟಿನ ಗುಂಡಿ ಹಾಕಿಕೊಂಡು, ಏಕಾಂತಪ್ಪನನ್ನು ಪಕ್ಕಕ್ಕೆ ತಳ್ಳಿ, ಎರಡು ಹೆಜ್ಜೆ ಮುಂದೆ ಬಂದು ನಿಂತೆ. ಕಾಟಲಿಂಗಪ್ಪ ಬಹಳ ಗೌರವದಿಂದ ನನ್ನ ಕಡೆ ಕೈ ತೋರಿಸಿದ.

"ಇಗಾ, ಇವರೇ ಸ್ವಾಮಿ ನಮ್ ಮೇಷ್ಟ್ರು. ಹನ್ನೆರಡು ವರ್ಷ ಪೆಟ್ಟಿಗೆ ಬಾರಿಸಿದ್ರು, ಒಂದಿನಾನೂ ತಲೆ ಎತ್ತಿ ನನ್ ಕಡೆ ನೋಡ್ಲಿಲ್ಲ. ಕುರಿಯಾದ್ರೂ ತೋಳ ಬಂದಾಗ ನೋಡ್ತಿದ್ವು."