ಬೀಗಿತ್ತಿ ಬರುವ ದಿನ ಬಾಗಿಲಿಗೆ ಮೊಟ್ಟೆ

ನನ್ನ ಕಿರಿಸೊಸೆ ಕ್ರಿಶ್ಚಿಯನ್ನರ ಹುಡುಗಿ. ಚಿಂತಾಮಣಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ ನನ್ನ ಮಗ ಅವಳನ್ನು ರಿಜಿಸ್ಟರ್ ಮದುವೆ ಮಾಡಿಕೊಂಡು, ಒಂದು ಹಾರ ಕತ್ತಿನಲ್ಲಿ, ಒಂದು ಹಾರ ಕೈಯಲ್ಲಿ ಹಿಡಿದು ಮನೆಗೆ ಬಂದ. ನಾನು ಸ್ವಲ್ಪ ದಿನ ಮಾತು ಬಿಟ್ಟೆ. ಮಾತು ಬಿಟ್ಟರೆ ಜಗಳ ಆಡುವುದಕ್ಕೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಶುರು ಮಾಡಿದೆ. ಅವಳ ತಾಯಿ ಗೌರಿಬಿದನೂರು ಕಡೆಯ ಹಳ್ಳಿಯವರು, ಮನೆಯಲ್ಲಿ ತೆಲುಗು. ಅವರು ಮಾತ್ರ ಬಿಟ್ಟ ಮಾತನ್ನು ಬಿಟ್ಟೇಬಿಟ್ಟರು. ಮದುವೆಯಾದ ಮೇಲೆ ಮಗಳ ಮುಖ ನೋಡಲಿಲ್ಲ, ನಮ್ಮ ಹೊಸ್ತಿಲು ತುಳಿಯಲಿಲ್ಲ.

ಸೊಸೆ ಬಸುರಿಯಾದಳು. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಅವಳಿಗೆ ತಾಯಿಯ ನೆನಪು ಹೆಚ್ಚಾಯಿತು. ನಾನು ಮಾಡಿದ ಸಾರು ಕಹಿ, ಮುದ್ದೆ ಗಟ್ಟಿ. ದನದ ಕೊಟ್ಟಿಗೆಯಲ್ಲಿ ನಿಂತು, ತಾಯಿ ಎತ್ತದ ಫೋನು ಹಿಡಿದು ಅಳುತ್ತಿದ್ದಳು. ನಮ್ಮ ಎಮ್ಮೆ ಕೂಡ ಮೇವು ಬಿಟ್ಟು ಅವಳನ್ನೇ ನೋಡುತ್ತಿತ್ತು. ಬಾಣಂತನಕ್ಕೆ ತವರಿಗೆ ಹೋಗಬೇಕು ಅನ್ನುವುದೊಂದೇ ಅವಳ ಆಸೆ. ಅವಳು ಹೋಗಲಿ ಅನ್ನುವ ಆಸೆ ನನಗೂ ಇತ್ತು. ಇಬ್ಬರು ಹೆಣ್ಣುಮಕ್ಕಳದ್ದು, ಹಿರಿಸೊಸೆಯದ್ದು, ಇಷ್ಟು ಜನರ ಬಾಣಂತನ ಮಾಡಿ ನನಗೆ ಸಾಕಾಗಿತ್ತು. ಸಾಂಬ್ರಾಣಿ ಹೊಗೆ ಮೂಗಿಗೆ ಬಿದ್ದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಕೊನೆಗೂ ಆ ತಾಯಿ ಫೋನು ಎತ್ತಿ ಒಂದು ದಾರಿ ಬಿಟ್ಟರು. ಈಸ್ಟರ್ ಭಾನುವಾರ ಚಿಂತಾಮಣಿ ಚರ್ಚಿಗೆ ಬರುತ್ತೇನೆ, ಪ್ರಾರ್ಥನೆ ಮುಗಿಸಿ ನಿಮ್ಮ ಮನೆಗೆ ಬಂದು ನೋಡುತ್ತೇನೆ, ನಿನ್ನನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ಕಂಡ ಮೇಲೆ ಕರೆದುಕೊಂಡು ಹೋಗುವ ಮಾತು ಅಂತ ಹೇಳಿದರಂತೆ. ಸೊಸೆ ಅವತ್ತು ಎರಡು ಮುದ್ದೆ ಉಂಡಳು. ನಾನು ಯೋಚನೆಗೆ ಬಿದ್ದೆ. ಬೀಗಿತ್ತಿ ಬಂದು ನೋಡುವುದಾದರೆ ಏನು ನೋಡುತ್ತಾರೆ? ಗೋಡೆಯ ಮೇಲೆ ನಮ್ಮ ದೇವರುಗಳು, ಮೂಲೆಯಲ್ಲಿ ಮೂಟೆಗಳು. ಅವರ ಹಬ್ಬದ ದಿನ ಅವರ ಹಬ್ಬದ ಗುರುತು ಮನೆಯಲ್ಲಿ ಒಂದೂ ಇಲ್ಲದಿದ್ದರೆ, ನನ್ನ ಮಗಳನ್ನು ಹೀಗಾ ಇಟ್ಟುಕೊಂಡಿರುವುದು ಅನ್ನುವುದಕ್ಕೆ ಅಷ್ಟೇ ಸಾಕು. ಅದಕ್ಕೆ ಮನೆಯನ್ನು ಅವರ ಹಬ್ಬಕ್ಕೆ ಸಿಂಗಾರ ಮಾಡಬೇಕು ಅಂತ ತೀರ್ಮಾನ ಮಾಡಿದೆ. ಸೊಸೆಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಫೋನಿನಲ್ಲಿ ಅಕ್ಷರ ಒತ್ತುವ ಬದಲು ಬಾಯಲ್ಲೇ ಕೇಳಿದರೆ ತೋರಿಸುತ್ತದೆ. ಈಸ್ಟರ್ ಅಲಂಕಾರ ಅಂತ ಕೇಳಿದೆ. ಅದು ಇಸ್ತ್ರಿ ಅಂತ ತಿಳಿದುಕೊಂಡು, ಒಬ್ಬ ಗಂಡಸು ಅಂಗಿಯ ಕಾಲರಿಗೆ ಇಸ್ತ್ರಿ ಹಾಕುವುದನ್ನು ತೋರಿಸಿತು. ಚೆನ್ನಾಗಿ ಹಾಕುತ್ತಿದ್ದ, ಪೂರ್ತಿ ನೋಡಿದೆ. ಮತ್ತೆ ಕೇಳಿದಾಗ ಒಬ್ಬ ಬಿಳಿ ಹೆಂಗಸು ಬಂದಳು. ಅವಳು ಮೊಟ್ಟೆಗೆ ತೂತು ಮಾಡಿ, ಊದಿ, ಒಳಗಿನದನ್ನು ಖಾಲಿ ಮಾಡಿ, ಬಣ್ಣ ಹಚ್ಚಿ ಒಣಕೊಂಬೆಗೆ ನೇತು ಹಾಕಿದಳು. ಹುಲ್ಲಿನ ಗೂಡು ಮಾಡಿ ಬಾಗಿಲ ಬಳಿ ಇಟ್ಟಳು. ಪಕ್ಕದಲ್ಲಿ ಒಂದು ಮೊಲ ಕೂರಿಸಿದಳು. ಮೊಲ ಯಾಕೆ ಅಂತ ಅವಳ ಭಾಷೆಯಲ್ಲಿ ಹೇಳಿದಳೋ ಏನೋ, ನನಗೆ ತಿಳಿಯಲಿಲ್ಲ. ಕೋಳಿ ಇರಬೇಕಾದ ಜಾಗದಲ್ಲಿ ಮೊಲ ಇತ್ತು. ಅವರ ದೇವರು, ಅವರ ಮೊಲ, ನನಗೇನು.

ಮಗ ಸೊಸೆ ಡ್ಯೂಟಿಗೆ ಹೋದ ಹೊತ್ತಿನಲ್ಲಿ ಕೆಲಸ ಶುರು ಮಾಡಿದೆ. ಗೋಣಿ ಹೊಲಿಯುವ ದಬ್ಬಳದಿಂದ ಮೊಟ್ಟೆಯ ಎರಡೂ ತುದಿಗೆ ತೂತು ಮಾಡಿ ಊದಿದೆ. ಮುಂದಿನ ಹಲ್ಲು ಇಲ್ಲದ ಬಾಯಿ. ಗಾಳಿ ಅರ್ಧ ಮೊಟ್ಟೆಗೆ, ಅರ್ಧ ಎದುರಿನ ಗೋಡೆಗೆ. ಆಮೇಲೆ ಸೊಸೆಯ ಪೆಟ್ಟಿಗೆಯಲ್ಲಿ ಒಂದು ಸಿರಿಂಜು ಸಿಕ್ಕಿತು. ಅದರಲ್ಲಿ ಎಳೆದರೆ ಸಲೀಸಾಗಿ ಬಂತು. ಒಳಗಿನದನ್ನು ಎಸೆಯಲು ಮನಸ್ಸಾಗದೆ ದಿನವೂ ಪಲ್ಯ ಮಾಡಿದೆ. ಸೊಸೆ ಇದು ನಮ್ಮ ಉಪವಾಸದ ಕಾಲ, ಹಬ್ಬ ಬರುವವರೆಗೂ ಮಾಂಸ ಮೊಟ್ಟೆ ಮುಟ್ಟುವುದಿಲ್ಲ ಅಂದಳು. ಮಗ ಒಬ್ಬನೇ ತಿಂದ. ಯಾಕಮ್ಮ ದಿನಾ ಮೊಟ್ಟೆ ಅಂತ ಒಂದು ಮಾತು ಕೇಳಲಿಲ್ಲ. ಅವನ ಅಪ್ಪನೂ ಹೀಗೇ ಇದ್ದರು, ತಟ್ಟೆಗೆ ಬಿದ್ದದ್ದನ್ನು ತಿಂದು ಏಳುತ್ತಿದ್ದರು.

ಬಣ್ಣಕ್ಕೆ ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಸಾಮಾನಿನಲ್ಲೇ ಅಲ್ಲವೇ ಆ ಹೆಂಗಸೂ ಮಾಡಿದ್ದು? ಕೆಲವಕ್ಕೆ ಅರಿಶಿನ ಬಳಿದೆ, ಕೆಲವಕ್ಕೆ ಕುಂಕುಮ. ಎರಡು ಮೂರಕ್ಕೆ ಕಾಡಿಗೆಯಲ್ಲಿ ಚುಕ್ಕೆ ಇಟ್ಟೆ. ಒಣಕೊಂಬೆಗೆ ಬರವಿಲ್ಲ, ರೇಷ್ಮೆ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಕೊಟ್ಟಿಗೆಯ ಹಿಂದೆ ರಾಶಿ ಬಿದ್ದಿತ್ತು. ಕಟ್ಟುವುದಕ್ಕೆ ದಾರ ಹುಡುಕಿದರೆ ಕರೀ ದಾರ ಬಿಟ್ಟು ಬೇರೆ ಇರಲಿಲ್ಲ. ಮೊಲಕ್ಕೆ ಒಂದು ತೆಂಗಿನಕಾಯಿ ತೆಗೆದುಕೊಂಡೆ. ಜುಟ್ಟು ಹಾಗೇ ಬಿಟ್ಟು ಎರಡು ಮಾವಿನೆಲೆ ಸಿಕ್ಕಿಸಿ ಕಿವಿ ಮಾಡಿದೆ. ಕಾಡಿಗೆಯಲ್ಲಿ ಕಣ್ಣು, ಕುಂಕುಮದಲ್ಲಿ ಬಾಯಿ, ಪೊರಕೆ ಕಡ್ಡಿಯ ಮೀಸೆ. ಮುಖ ಸ್ವಲ್ಪ ಉಗ್ರವಾಗಿ ಬಂತು. ಆದರೂ ಕಿವಿ ನೋಡಿದರೆ ಮೊಲ ಅಂತ ಗೊತ್ತಾಗುತ್ತಿತ್ತು, ಕನಿಷ್ಠ ನನಗೆ.

ಭಾನುವಾರ ಬೆಳಕು ಹರಿಯುವ ಮೊದಲೇ ಮಗ ಸೊಸೆ ಆಟೋದಲ್ಲಿ ಚರ್ಚಿಗೆ ಹೊರಟರು. ಹಿಂದಿನ ದಿನವೇ ಚಿಂತಾಮಣಿಯ ನೆಂಟರ ಮನೆಗೆ ಬಂದಿದ್ದ ಬೀಗಿತ್ತಿ ಚರ್ಚಿಗೇ ಬಂದು, ಅಲ್ಲಿಂದ ಎಲ್ಲರೂ ಜೊತೆಗೆ ಬರುವುದು ಅಂತ ಮಾತಾಗಿತ್ತು. ಅವರು ಹೋದ ಕೂಡಲೇ ನಾನು ಕಡ್ಡಿಗಳನ್ನು ಬಾಗಿಲ ಮೇಲೆ ಅಡ್ಡ ಕಟ್ಟಿ, ಮೊಟ್ಟೆಗಳನ್ನು ಇಳಿಬಿಟ್ಟೆ. ಹೊಸ್ತಿಲ ಪಕ್ಕ ಹುಲ್ಲು ಹಾಸಿ ಅದರ ಮೇಲೆ ನಾಲ್ಕು ಮೊಟ್ಟೆ, ನಡುವೆ ಮೊಲ. ದೂರದಿಂದ ನಿಂತು ನೋಡಿದೆ. ಚೆನ್ನಾಗಿದೆ ಅನ್ನಿಸಿತು. ಸ್ನಾನಕ್ಕೆ ಹೋದೆ.

ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಬೀದಿಯಲ್ಲಿ ಗಲಾಟೆ. ಡೈರಿಗೆ ಹಾಲು ಹಾಕಲು ಹೊರಟಿದ್ದ ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟು ನಮ್ಮ ಮನೆ ಮುಂದೆ ನಿಂತಿದ್ದಾರೆ, ಆದರೆ ಯಾರೂ ಹತ್ತಿರ ಬರುತ್ತಿಲ್ಲ. ನಾನು ಒಳಗಿನಿಂದ ತಲೆ ಹೊರಗೆ ಹಾಕಿದ್ದು ಕಂಡು ಎದುರುಮನೆಯಾಕೆ ಕೈ ಅಡ್ಡ ಹಿಡಿದಳು.

"ಅಕ್ಕಾ, ಹೊಸ್ತಿಲು ದಾಟ್ಬೇಡಿ. ಬಾಗಿಲಿಗೆ ಯಾರೋ ಏನೋ ಮಾಡ್ಸವ್ರೆ. ಪೂಜಾರಪ್ಪನ್ನ ಕರೆಯೋಕೆ ಕಳ್ಸೀವಿ."

ನಾನು ತಿರುಗಿ ಬಾಗಿಲು ನೋಡಿದೆ. ಅಲ್ಲಿಯವರೆಗೂ ನನಗೆ ಅದು ಹಬ್ಬದ ಸಿಂಗಾರ. ಆಕೆ ಹೇಳಿದ ಮೇಲೆ ನೋಡಿದರೆ ಅರಿಶಿನ, ಕುಂಕುಮ, ಕರೀ ದಾರ, ಮೊಟ್ಟೆ, ಮುಖ ಬರೆದ ತೆಂಗಿನಕಾಯಿ. ಮೂರು ದಾರಿ ಕೂಡುವ ಕಡೆ ಕಂಡರೆ ನಾನೇ ಸೆರಗು ಮುಚ್ಚಿಕೊಂಡು ಸುತ್ತುಬಳಸಿ ಹೋಗುವಂಥ ಸಾಮಾನು. ನಿಂಬೆಹಣ್ಣು ಒಂದೇ ಕಡಿಮೆ.

ಪೂಜಾರಪ್ಪ ಬಂದ. ಊರ ಗುಡಿಯ ಪೂಜೆ ಅವನದೇ, ಮಾಟಕ್ಕೆ ತಡೆ ಒಡೆಯುವುದೂ ಅವನೇ. ಕಂಕುಳಲ್ಲಿ ಒಂದು ಬೂದುಗುಂಬಳಕಾಯಿ ಬೇರೆ ತಂದಿದ್ದ. ಉದ್ದ ಕೋಲಿನಿಂದ ಒಂದು ಮೊಟ್ಟೆ ತಟ್ಟಿದ. ಅದು ಟಕ್ ಅಂದು ಒಡೆದು ಎರಡು ಹೋಳಾಗಿ ಬಿತ್ತು. ಒಳಗೆ ಏನೂ ಇಲ್ಲ. ಇನ್ನೊಂದು ತಟ್ಟಿದ, ಅದರಲ್ಲೂ ಏನೂ ಇಲ್ಲ. ಚಿಪ್ಪು ಬಗ್ಗಿ ನೋಡಿ ತೂತು ಕಂಡುಹಿಡಿದ. ಕೋಲು ಹಿಂದಕ್ಕೆ ಎಳೆದುಕೊಂಡ.

"ಹೊರಗಡೆ ಚಿಪ್ಪು ಹಂಗೇ ಐತೆ. ಒಳಗಿಂದು ಹೀರಿಬಿಟ್ಟೈತೆ. ಇದು ಕೊಳ್ಳೇಗಾಲದ ಕಡೆ ಕೆಲ್ಸ ಕಣಮ್ಮ. ಮನೇಲಿ ಬಸುರಿ ಅವಳೆ ಅಲ್ವಾ?"

ಹೆಂಗಸರೆಲ್ಲ ಒಂದು ಹೆಜ್ಜೆ ಹಿಂದೆ ಹೋದರು. ಇನ್ನು ಸುಮ್ಮನಿದ್ದರೆ ಕುಂಬಳಕಾಯಿ ಒಡೆಯುತ್ತಾನೆ ಅಂತ ನಾನು ನಿಜ ಹೇಳಿದೆ. "ಹೀರಿದ್ದು ನಾನೇ. ಕಟ್ಟಿದ್ದೂ ನಾನೇ."

ನಿಜ ಹೇಳುವುದಕ್ಕೆ ಅದು ಹೊತ್ತಾಗಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ಜಾತಿಯ ಸೊಸೆ, ಬಸುರಿ, ಅವಳಿಲ್ಲದ ಹೊತ್ತಿನಲ್ಲಿ ಅತ್ತೆ ಬಾಗಿಲಿಗೆ ಮೊಟ್ಟೆ ಕಟ್ಟಿದ್ದಾಳೆ. ನಾನು ಇದು ಅವರ ಹಬ್ಬ ಅಂದೆ. ಅವರ ಹಬ್ಬಕ್ಕೆ ನೀವ್ಯಾಕೆ ಮೊಟ್ಟೆ ಹೀರಿದಿರಿ ಅಂತ ಒಬ್ಬಳು ಕೇಳಿದಳು. ಬಾಯಲ್ಲಿ ಅಲ್ಲ, ಸಿರಿಂಜಿನಲ್ಲಿ ಅಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಎದುರುಮನೆಯಾಕೆ, ಪಾಪ, ಬಹಳ ಮೆತ್ತಗೆ ಹೇಳಿದಳು. "ಇಷ್ಟ ಇಲ್ದಿದ್ರೆ ಬೇರೆ ಮನೆ ಮಾಡ್ಕೊಡಿ ಅಕ್ಕ. ಇಂಥಾದ್ದೆಲ್ಲಾ ಬೇಡ."

ಆಗಲೇ ಆಟೋ ಬಂದು ನಿಂತಿತು.

ಮೊದಲು ಬೀಗಿತ್ತಿ ಇಳಿದರು. ಹೊಸ ಸೀರೆ, ಕೈಯಲ್ಲಿ ಮಟನ್ ತುಂಬಿದ ಟಿಫನ್ ಕ್ಯಾರಿಯರ್. ಕಣ್ಣು ಬಾಗಿಲ ಮೇಲೆ ಹೋಯಿತು, ತೆಂಗಿನಕಾಯಿಯ ಮೇಲೆ ಹೋಯಿತು, ಕೋಲು ಹಿಡಿದ ಪೂಜಾರಪ್ಪನ ಮೇಲೆ, ಕೂದಲು ಬಿಚ್ಚಿಕೊಂಡು ಒದ್ದೆ ಸೀರೆಯಲ್ಲಿ ನಿಂತಿದ್ದ ನನ್ನ ಮೇಲೆ. "ಇದೇಮಿಟಿ ವದಿನಾ?" ಅಂದರು, ಇದೇನು ಅತ್ತಿಗೆ ಅಂತ ತೆಲುಗಿನಲ್ಲಿ. ನಾನು, ಹಬ್ಬ ಅಲ್ಲವಾ, ನಿಮ್ಮ ಹಬ್ಬಕ್ಕೆ ಅಂತ ಅಂದೆ. ಬೀಗಿತ್ತಿ ತಿರುಗಿ, ಇಳಿಯಲು ಹೊರಟಿದ್ದ ಮಗಳನ್ನು ಭುಜ ಹಿಡಿದು ಮತ್ತೆ ಆಟೋದೊಳಕ್ಕೆ ತಳ್ಳಿದರು. "ಕೂತ್ಕೋ. ಹಿಂಗೇ ಊರಿಗೆ ಹೋಗಣ. ಮತ್ತೆ ಈ ಕಡೆ ಕಳ್ಸಲ್ಲ ನಾನು."

ನಿಜ ಹೇಳುತ್ತೇನೆ, ಬಾಣಂತನ ತಪ್ಪಿತು ಅಂತ ಒಂದು ಗಳಿಗೆ ಅನ್ನಿಸಿತು. ಆಮೇಲೆ ಮಗನ ಮುಖ ನೋಡಿದೆ. ಮೊಟ್ಟೆ ಪಲ್ಯದ ಲೆಕ್ಕ ಈಗ ಅವನಿಗೆ ಹೊಳೆದಂತಿತ್ತು. ಆದರೂ ಅಮ್ಮನ ಪರ ನಿಲ್ಲಲೋ ಹೆಂಡತಿಯ ಆಟೋ ಹತ್ತಲೋ ತಿಳಿಯದೆ ನಡುವೆ ನಿಂತಿದ್ದ. ಕಳಿಸುವುದಿಲ್ಲ ಅಂದರೆ ಕೂಸನ್ನೂ ಕಳಿಸುವುದಿಲ್ಲ ಅಂತಲೇ ಅರ್ಥ.

ಸೊಸೆ ಆಟೋದಿಂದ ಕತ್ತು ಹೊರಗೆ ಹಾಕಿ ನೋಡಿದಳು. ಬಹಳ ಹೊತ್ತು ನೋಡಿದಳು. "ಅತ್ತೆ, ಅದು ಮೊಲಾನಾ?"

ಹೌದು ಅಂದೆ. ಅವಳು ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು. ಹೆರಿಗೆ ನೋವು ಬಂತೇನೋ ಅಂತ ತಾಯಿಗೆ ಗಾಬರಿ. ನಗುವಿನ ನಡುವೆ ಅವಳು, ಬೆಂಗಳೂರಿನಲ್ಲಿ ಓದುವಾಗ ಬೇಕರಿಗಳಲ್ಲಿ ಈಸ್ಟರಿಗೆ ಮೊಲ, ಬಣ್ಣದ ಮೊಟ್ಟೆ ಇಡುತ್ತಿದ್ದರು ಅಂತ ತಾಯಿಗೆ ಹೇಳಿದಳು. ಬೀಗಿತ್ತಿ ನಂಬಲಿಲ್ಲ. ನಮ್ಮ ಕಡೆ ಈ ಈಸ್ಟರ್, ಪಾಸ್ಕ ಹಬ್ಬ ಅಂದರೆ ಬೆಳಗಿನ ಪೂಜೆ, ಮಟನ್ ಸಾರು, ಇಷ್ಟೇ. ಮೊಟ್ಟೆ ಕಟ್ಟುವವರನ್ನು ನಾನು ಕಂಡಿಲ್ಲ, ದೇವರು ಎದ್ದು ಬಂದದ್ದಕ್ಕೆ ಮೊಲ ಯಾಕೆ ಅಂತ ಕೇಳಿದರು. ಮೊಲ ಮೊಟ್ಟೆ ಇಡುವುದಿಲ್ಲ ಅಂತ ಪೂಜಾರಪ್ಪ ಹೇಳಿದ. ಮುಂಗುಸಿಯೂ ಇಡುವುದಿಲ್ಲ ಅಂತ ಆಟೋದವನು ಸೇರಿಸಿದ. ಬಾವಲಿ ಇಡುತ್ತದೋ ಇಲ್ಲವೋ ಅಂತ ಅವರಿಬ್ಬರಲ್ಲಿ ಮಾತು ಬೆಳೆಯಿತು.

ಇದು ಹೀಗೆ ಮುಗಿಯುವುದಿಲ್ಲ ಅಂತ ನಾನು ಮೊಲವನ್ನು ಜುಟ್ಟು ಹಿಡಿದು ಎತ್ತಿ ಜಗಲಿಯ ಕಲ್ಲಿಗೆ ಕುಟ್ಟಿದೆ. ಮುಖ ಎರಡಾಯಿತು. ನೀರನ್ನು ಗಟಗಟ ಕುಡಿದೆ. ಕಣ್ಣಿದ್ದ ಹೋಳಿನಿಂದ ಕಾಯಿ ಎಬ್ಬಿಸಿ ಎಲ್ಲರ ಎದುರೇ ಅಗಿದೆ. ಮಾಟ ಮಾಡಿದವಳು ತಾನೇ ಅದನ್ನು ತಿನ್ನುತ್ತಾಳಾ ಅಂತ ಕೇಳಿದೆ. ಬಾಯೆಲ್ಲ ಕುಂಕುಮ ಮೆತ್ತಿಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು. ಹಾಲಿನ ಹೆಂಗಸರಲ್ಲಿ ಇಬ್ಬರು ಕ್ಯಾನು ಎತ್ತಿಕೊಂಡು ಹೊರಟೇ ಹೋದರು.

ಬೀಗಿತ್ತಿ ನಾನು ಅಗಿಯುವುದನ್ನು ನೋಡುತ್ತಾ ನಿಂತರು. ನುಂಗುವವರೆಗೂ ನೋಡಿದರು. ಆಮೇಲೆ ಮಗಳ ಕೈ ಹಿಡಿದು ಇಳಿಸಿದರು. "ಒಳಗೆ ಬರ್ತೀನಿ ವದಿನಾ. ಈ ಬಾಗ್ಲಿಂದ ಮಾತ್ರ ಬರಲ್ಲ."

ಕೊಟ್ಟಿಗೆಯ ಬಾಗಿಲಿನಿಂದ ಬಂದರು. ಹೊಸ ಸೀರೆಯ ಸೆರಗನ್ನು ಎಮ್ಮೆ ಎಳೆಯಿತು. ಗಂಜಲ ದಾಟಿ, ಸೌದೆ ದಾಟಿ, ನೇರ ಅಡುಗೆಮನೆಗೆ. ಸಿಂಗಾರ ಮಾಡದೆ ಬಿಟ್ಟಿದ್ದ ಜಾಗಗಳನ್ನೇ ನೋಡಿಕೊಂಡು ಬಂದರು. ಮಗಳ ಹಾಸಿಗೆ ನೋಡಿದರು, ರಾಗಿ ಹಿಟ್ಟಿನ ಡಬ್ಬಿ ಮುಚ್ಚಳ ತೆಗೆದು ಮೂಸಿದರು, ಬಾಣಂತಿಗೆ ಅಂತ ತಂದಿಟ್ಟಿದ್ದ ಬೆಲ್ಲ, ಮೆಣಸು ಮುಟ್ಟಿ ನೋಡಿದರು. ಎಲ್ಲರಿಗೂ ಮಟನ್ ಬಡಿಸಿದರು. ಸೊಸೆ ತಾಯಿಯ ತಟ್ಟೆಯಿಂದಲೇ ತಿಂದಳು. ಊಟ ಮುಗಿದ ಮೇಲೆ ಬೀಗಿತ್ತಿ, ಮಗಳನ್ನು ಇವತ್ತೇ ಕರೆದುಕೊಂಡು ಹೋಗುತ್ತೇನೆ, ಬಾಣಂತನ ಮುಗಿಸಿ ಕಳಿಸುತ್ತೇನೆ ಅಂದರು. ನಾನು ಒಳ್ಳೆಯದು ಅಂದೆ. ಸೊಸೆಯ ಚೀಲ ಮೊದಲೇ ಕಟ್ಟಿಟ್ಟಿದ್ದೆ.

"ನಿಮ್ ಚೀಲಾನೂ ಕಟ್ಕೊಳಿ," ಅಂದರು ಬೀಗಿತ್ತಿ.

ಯಾಕೆ ಅಂದೆ.

"ಊರೆಲ್ಲಾ ನೋಡೈತೆ ವದಿನಾ. ನಾಳೆ ಹೆರಿಗೇಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ನಿಮ್ಮ ಮೊಟ್ಟೆ ಮೇಲೇ ಹಾಕ್ತಾರೆ. ಜನ ಬಿಡಿ, ನಾನೇ ಹಾಕ್ತೀನಿ. ಅದಕ್ಕೇ ಬಾಣಂತನ ಮುಗಿಯೋವರ್ಗೂ ನೀವು ನನ್ನ ಕಣ್ಣ ಮುಂದಿರಿ."

ಆಕೆ ಹೇಳಿದ್ದು ಸರಿಯಾಗಿತ್ತು. ಸಂಜೆ ಬಸ್ಸಿಗೆ ಮೂವರೂ ಹೊರಟೆವು. ಎಮ್ಮೆ ಮಗನ ಪಾಲಿಗೆ ಬಂತು.

ಹೆರಿಗೆ ಗೌರಿಬಿದನೂರಿನಲ್ಲಿ ಆಯಿತು. ಹೆಣ್ಣು ಮಗು, ಕಿವಿ ಸಹ ಸಾಧಾರಣ ಅಳತೆಯವು, ನೋಡಿ ಖಾತ್ರಿ ಮಾಡಿಕೊಂಡೆವು. ಬೀಗಿತ್ತಿ ಅಡುಗೆಯಲ್ಲಿ ಗಟ್ಟಿ, ಆದರೆ ಕೂಸಿಗೆ ನೀರು ಹಾಕಲು ಅವರ ಕೈ ನಡುಗುತ್ತದೆ. ಹಾಗಾಗಿ ಎಣ್ಣೆ, ನೀರು, ಸಾಂಬ್ರಾಣಿ ಎಲ್ಲ ನನಗೇ ಬಿತ್ತು. ಅವರು ಪಕ್ಕದಲ್ಲಿ ಮಣೆ ಹಾಕಿ ಕೂತು, ನೀರು ಬಿಸಿಯಾಯಿತು, ತಣ್ಣಗಾಯಿತು ಅಂತ ಹೇಳುತ್ತಿದ್ದರು. ಅಷ್ಟರಲ್ಲಿ ಮೊಟ್ಟೆಯ ಸುದ್ದಿ ಆ ಊರಿಗೂ ಬಂದಿತ್ತು. ಒಂದು ಬೆಳಿಗ್ಗೆ ಕೂಸು ನನ್ನ ಕಾಲ ಮೇಲಿದ್ದಾಗ ಒಬ್ಬ ಹೆಂಗಸು ಹಿತ್ತಿಲಿಗೆ ಬಂದು, ಸೆರಗಿನಿಂದ ಎರಡು ಮೊಟ್ಟೆ ತೆಗೆದು, ತನ್ನ ವಾರಗಿತ್ತಿಯ ಬಾಗಿಲಿಗೆ ಸ್ವಲ್ಪ ಕಟ್ಟಿಕೊಡುತ್ತೀರಾ ಅಂತ ಗುಟ್ಟಾಗಿ ಕೇಳಿದಳು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬೀಗಿತ್ತಿ ಮೊಟ್ಟೆ ಇಸಕೊಂಡು, ಆಗಲಿ ಹೋಗು ಅಂತ ಅವಳನ್ನು ಕಳಿಸಿ, ಬಾಣಂತಿಗೆ ಬೇಯಿಸಲು ಒಳಗೆ ತೆಗೆದುಕೊಂಡು ಹೋದರು.