ಕೊನೇಲಿ ಏನ್ ಮುಟ್ಟುದ್ರಿ?

ಹಾಸನದ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರಿತ್ತು. ನಾವೆಲ್ಲ ಬರೆದ ಕೋಡನ್ನು ಅದು ತಾನೇ ಜೋಡಿಸಿ ಪರೀಕ್ಷಿಸುತ್ತಿತ್ತು. ಸರಿಯಿದ್ದರೆ ಪರದೆಯ ಮೇಲೆ ಹಸಿರು, ಕೆಟ್ಟರೆ ಕೆಂಪು. ಅದನ್ನು ನೋಡಿಕೊಳ್ಳುತ್ತಿದ್ದವರು ದುದ್ದದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯರು. ಕೆಂಪಾದಾಗಲೆಲ್ಲ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ ಕೇಳುತ್ತಿದ್ದರು: “ಕೊನೇಲಿ ಏನ್ ಮುಟ್ಟುದ್ರಪ್ಪಾ?”

“ಏನೂ ಮುಟ್ಟಿಲ್ಲ ಸಾ,” ಅನ್ನುತ್ತಿದ್ದೆವು.

ಯಾರೆಂದು ಕೆದಕುತ್ತಿರಲಿಲ್ಲ. “ಸರಿ ಬುಡಿ,” ಎಂದು ಕೂತು, ಯಂತ್ರ ಬರೆದಿಟ್ಟ ಉದ್ದನೆಯ ವರದಿಯನ್ನು ಮೊದಲ ಸಾಲಿನಿಂದ ಓದುತ್ತಿದ್ದರು. ಡಿಸ್ಕ್ ತುಂಬಿರುತ್ತಿತ್ತು, ಇಲ್ಲವೇ ಯಾರೋ ಪಾಸ್‌ವರ್ಡ್ ಬದಲಿಸಿರುತ್ತಿದ್ದರು.

ಒಂದು ದಿನ ಸಂಜೆಯ ಬಸ್ಸಿನಲ್ಲಿ ಚನ್ನರಾಯಪಟ್ಟಣದ ಗಿರಾಕಿಗೆ ನಮ್ಮ ಸಾಫ್ಟ್‌ವೇರಿನ ಸಿ.ಡಿ. ಕಳಿಸಬೇಕಿತ್ತು. ಎಷ್ಟು ತಿದ್ದಿದರೂ ಕೆಂಪು. ಮೂರು ಗಂಟೆ ಹುಡುಕಿದ ಮೇಲೆ ಅವರು ಕೀಬೋರ್ಡಿನಿಂದ ಕೈ ತೆಗೆದರು.

“ನಾನೇ ಕಣ್ರಪ್ಪಾ ಮುಟ್ಟಿದ್ದು. ಬೆಳಗ್ಗೆ ಇದರ ಗಡಿಯಾರ ಸರಿಮಾಡಕ್ಕೋಗಿ ಮುಂದಿನ ತಿಂಗಳು ಹಾಕ್ಬುಟ್ಟಿವ್ನಿ. ನೀವು ಈಗ ಬರೆದಿದ್ದನ್ನೂ ಹಳೇದು ಅಂದ್ಕೊಂಡು ಇದು ಬುಟ್ಟಾಕ್ತಾ ಅದೆ.”

ಗಡಿಯಾರ ತಿದ್ದಿ ಪರದೆ ಹಸಿರಾಗುವಷ್ಟರಲ್ಲಿ ಬಸ್ಸು ಹೋಗಿತ್ತು. ಯಜಮಾನರ ಕೋಣೆಗೆ ತಾವೇ ಹೋಗಿ ಹೇಳಿ, ಬೈಸಿಕೊಂಡು ಬಂದು, ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಬಸ್ಸು ಹತ್ತಿದರು.

ಮರುದಿನ ಬೆಳಗ್ಗೆ ಮತ್ತೆ ಕೆಂಪು. ನಿದ್ದೆಗೆಟ್ಟ ಕಣ್ಣಿನಲ್ಲೇ ಕನ್ನಡಕ ಒರೆಸುತ್ತಾ ಅದೇ ಪ್ರಶ್ನೆ ಕೇಳಿದರು. ಈ ಸಲ ಪಾಸ್‌ವರ್ಡ್ ಬದಲಿಸಿದ್ದವನು ನಾನು. ಆದರೂ ಬಾಯಿಗೆ ಬಂದದ್ದು, “ಏನೂ ಮುಟ್ಟಿಲ್ಲ ಸಾ.”

“ಸರಿ ಬುಡಿ,” ಎಂದು ಅವರು ಮೊದಲ ಸಾಲಿನಿಂದ ಓದಲು ಕೂತರು.