ಸರ್ವೀಸಿನ ನಂತರದ ಸದ್ದು

ಸರ್ವೀಸಿಗೆ ಬಿಟ್ಟಿದ್ದ ಕಾರನ್ನು ಮನೆಗೆ ತಂದ ಮೂರನೆಯ ದಿನ ಹಿಂದಿನಿಂದ ಸದ್ದು ಶುರುವಾಯಿತು. ಹೊನ್ನವಳ್ಳಿ ದಾಟಿ ಹಂಪ್ ಹತ್ತಿಸಿದ್ದೇ ತಡ, ಲೊಡಕ್. ಇಳಿಸಿದರೆ ಇನ್ನೊಂದು ಲೊಡಕ್. ಎಂಟು ವರ್ಷ ತುಟಿ ಪಿಟಕ್ಕೆನ್ನದೆ ಓಡಿದ ಕಾರು ಅದು. ಗ್ಯಾರೇಜಿನಲ್ಲಿ ಎರಡು ದಿನ ಇದ್ದು ಬಂದ ಮೇಲೆ ಅದಕ್ಕೆ ಬಾಯಿ ಬಂತು ಎಂದರೆ ಯಾರನ್ನು ಕೇಳಬೇಕು?

ತಿಪಟೂರಿನ ಆ ಗ್ಯಾರೇಜಿನವನು ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಎನ್ನುತ್ತಾನೆ. ಬೇರೆಯವರ ಕೈಕೆಳಗೆ ದುಡಿದು, ಸ್ವಂತ ಶೆಡ್ ಹಾಕಿ ಆಗಿನ್ನೂ ಎರಡು ವರ್ಷ. ನಮ್ಮೂರ ಕಡೆಯ ಗಾಡಿಗಳನ್ನೆಲ್ಲ ಅವನ ಹತ್ತಿರ ಕಳಿಸಿದವನು ನಾನೇ. ಆ ಗಾಡಿಗಳಿಂದಲೇ ಅವನ ಅಂಗಡಿ ನಡೆಯುತ್ತಿತ್ತು. ಅಂಥವನು ನನ್ನ ಕಾರಿಗೇ ಹೀಗೆ ಮಾಡಿದನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಹೋದೆ. ಅವನು ಕಾರನ್ನು ಎತ್ತಿ ಅಡಿಯೆಲ್ಲ ನೋಡಿದ. ಶಾಕ್ ಅಬ್ಸಾರ್ಬರ್ ಅಲುಗಾಡಿಸಿದ, ಸೈಲೆನ್ಸರ್ ತಟ್ಟಿದ, ಡಿಕ್ಕಿಯಲ್ಲಿದ್ದ ಚೀಲ, ಜಾಕ್, ಸ್ಟೆಪ್ನಿ ಎಲ್ಲವನ್ನೂ ತೆಗೆದು ಮತ್ತೆ ಬಿಗಿಯಾಗಿ ಜೋಡಿಸಿದ. ಏನೂ ಆಗಿಲ್ಲ ಎಂದ. ವಾಪಸ್ ಬರುವಾಗ ಮೊದಲ ಹಂಪಿನಲ್ಲೇ ಲೊಡಕ್. ಮತ್ತೆ ಹೋದೆ, ಮತ್ತೆ ಅದೇ ಕಥೆ. ಮೂರನೆಯ ಸಲ ಹೋದಾಗ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಟೀ ತರಿಸಿದ. ನನಗೆ ಬೇಕಾಗಿದ್ದದ್ದು ಟೀ ಅಲ್ಲ, ತಪ್ಪು ಒಪ್ಪಿಕೊಳ್ಳುವ ಒಂದು ಮಾತು.

ನನ್ನ ಕಿವಿಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟಿರುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟರೆ ಉಂಡೆ ಕೊಬ್ಬರಿ ಆಯಿತು ಎಂದು ಲೆಕ್ಕ. ಒಡೆಯುವ ಮೊದಲು ಅದನ್ನು ತಿಳಿಯುವುದು ಕಿವಿಯಿಂದಲೇ. ನಮ್ಮೂರಿನಲ್ಲಿ ಯಾರಿಗೆ ಅನುಮಾನ ಬಂದರೂ ಕಾಯಿಯನ್ನು ನನ್ನ ಕೈಗೆ ಕೊಡುತ್ತಾರೆ. ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ ಆಗಿದೆ, ಆಗಿಲ್ಲ ಎನ್ನುತ್ತೇನೆ. ನಾನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವವರಿಲ್ಲ. ಆ ಜಂಬ ನನಗೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಅದಕ್ಕೇ ಅವತ್ತು ಟೀ ಲೋಟವನ್ನು ಕೆಳಗಿಟ್ಟು ಹೇಳಿದೆ: “ನನ್ನ ಕಿವಿಗೆ ಪಾಠ ಹೇಳ್ಬೇಡ ಕಣಪ್ಪ. ನೀನು ಒಳಗೆ ಏನೋ ಮುರ್ದಿದೀಯ.”

“ಮುರ್ದಿದ್ರೆ ಮುರ್ದೆ ಅಂತೀನಿ ಕಣಣ್ಣ. ಮುರ್ದಿಲ್ಲ,” ಎಂದ. ದನಿ ಏರಿಸಲಿಲ್ಲ. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮುಂದಿನ ಹರಾಜಿನ ದಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡೆ. ತೂಕದ ಹತ್ತಿರ ಹೇಳಿದೆ, ಹೋಟೆಲಿನಲ್ಲಿ ಹೇಳಿದೆ. ಕಾರು ಕೆಡಿಸಿದ, ಮುಖ ನೋಡಿಕೊಂಡು ಸುಳ್ಳು ಹೇಳುತ್ತಾನೆ ಎಂದೆ. ಕೇಳಿಸಿಕೊಂಡದ್ದು ನಾನು ಎಂದ ಮೇಲೆ ಎಲ್ಲರೂ ನಂಬಿದರು. ಕಾಯಿ ಸಾಗಿಸುವ ನಮ್ಮೂರಿನ ಟೆಂಪೋದವನು ಅದೇ ವಾರ ಬೇರೆ ಗ್ಯಾರೇಜಿಗೆ ಹೋದ. ಅವನ ಹಿಂದೆ ಇನ್ನೂ ಇಬ್ಬರು ಹೋದರು. ಆ ಸುದ್ದಿ ಕೇಳಿ ನನಗೆ ಖುಷಿಯೇ ಆಯಿತು.

ನಾಲ್ಕನೆಯ ಸಲ ಗ್ಯಾರೇಜಿನವನೇ ಫೋನ್ ಮಾಡಿ ಕರೆದ. ನಿಮ್ಮ ಕಣ್ಣೆದುರೇ ಎಲ್ಲ ಬಿಚ್ಚುತ್ತೇನೆ, ಯಾರನ್ನು ಬೇಕಾದರೂ ಕರೆದುಕೊಂಡು ಬನ್ನಿ ಎಂದ. ಬಿಡುತ್ತೇನೆಯೇ? ಟೆಂಪೋದವನನ್ನೇ ಸಾಕ್ಷಿಗೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಲೊಡಕ್ ಎಂದಾಗಲೆಲ್ಲ ಅವನ ಮುಖ ನೋಡಿದೆ. ಅವನು ತಲೆಯಾಡಿಸಿದ.

ಗ್ಯಾರೇಜಿನವನು ನೆಲಕ್ಕೆ ಟಾರ್ಪಾಲು ಹಾಸಿ ಡಿಕ್ಕಿಯಿಂದ ಒಂದೊಂದೇ ತೆಗೆದಿಟ್ಟ. ಸ್ಟೆಪ್ನಿ ಎತ್ತಿದಾಗ ಅದರ ಗುಂಡಿಯಲ್ಲಿ ಅರಿಶಿನ ಬಟ್ಟೆಯ ಗಂಟೊಂದು ಬಿಗಿಯಾಗಿ ಕೂತಿತ್ತು. ಅವನು ಗ್ರೀಸ್ ಕೈಯನ್ನು ಶುಚಿ ಮಾಡಿಕೊಂಡು ಬಂದು, ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ.

“ಅತ್ತಿಗೆ ಕಟ್ಟಿರೋ ಹರಕೆ ಕಾಯಿ ಅನ್ಸುತ್ತೆ. ಮೂರು ಸಲಾನೂ ಇದ್ದಂಗೇ ಇಟ್ಟಿದೀನಿ, ಗಂಟು ಬಿಚ್ಚಿಲ್ಲ ಕಣಣ್ಣ,” ಎಂದು ನನ್ನ ಕೈಗೆ ಕೊಟ್ಟ.

ಆಗ ನೆನಪಾಯಿತು. ಹೋದ ವರ್ಷ ಆಯುಧಪೂಜೆಯ ದಿನ ನನ್ನ ಹೆಂಡತಿ, ಕಾರಿಗೆ ಏನೂ ಆಗದಿರಲಿ ಎಂದು ಕಾಯಿ ಕಟ್ಟಿ ಡಿಕ್ಕಿಯಲ್ಲಿಟ್ಟಿದ್ದಳು. ವರ್ಷ ತುಂಬಿದ ಮೇಲೆ ಮನೆದೇವರಿಗೆ ಒಪ್ಪಿಸುವುದು ಎಂದಿದ್ದಳು, ನಾನು ಹೂಂ ಎಂದು ಮರೆತಿದ್ದೆ. ಇನ್ನೊಬ್ಬರ ಹರಕೆ ಗಂಟನ್ನು ನಮ್ಮ ಕಡೆ ಯಾರೂ ಬಿಚ್ಚುವುದಿಲ್ಲ. ಹತ್ತು ತಿಂಗಳು ಆ ಕಾಯಿ ಡಿಕ್ಕಿಯ ಬಿಸಿಯಲ್ಲಿ ಕೂತಿತ್ತು.

ಕೈ ಸುಮ್ಮನಿರಬೇಕಲ್ಲ. ಕಾಯಿ ಸಿಕ್ಕಿದ ತಕ್ಷಣ ರೂಢಿಯಂತೆ ಕಿವಿಯ ಹತ್ತಿರ ಹೋಯಿತು, ಅಲ್ಲಾಡಿಸಿತು.

ಲೊಡಕ್.

ಟೆಂಪೋದವನಿಗೂ ಕೇಳಿಸಿತು. ಒಣಗಿ ಚಿಪ್ಪು ಬಿಟ್ಟ ಉಂಡೆಯ ಸದ್ದು ಅದು; ಬಿಟ್ಟದ್ದು ಸರ್ವೀಸಿನ ವಾರವೇ ಇರಬೇಕು. ನನ್ನ ಕಿವಿಯಿಂದಲೇ ಬದುಕಿದವನು ನಾನು, ಆ ಸದ್ದನ್ನು ಕಬ್ಬಿಣದ್ದೆಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಗ್ಯಾರೇಜಿನವನು ನಗಲಿಲ್ಲ. “ಹೆಂಗಣ್ಣ, ಕೊಬ್ಬರಿ ಆಗೈತಾ?” ಎಂದ.

“ಆಗೈತೆ ಕಣಪ್ಪ,” ಎಂದೆ. ಅವನು ಸ್ಟೆಪ್ನಿ ಕೂರಿಸಿ, ಡಿಕ್ಕಿ ಮುಚ್ಚಿ, ತನ್ನ ಕೈಗುರುತನ್ನು ಬಟ್ಟೆಯಿಂದ ಒರೆಸಿದ. ಎರಡು ಮಾತು ಬೈದಿದ್ದರೆ ವಾಸಿಯಿತ್ತು.

ಮುಂದಿನ ಹರಾಜಿಗೆ ಹೋಗಿ ಅವೇ ಜಾಗಗಳಲ್ಲಿ ನಿಂತು ನಡೆದದ್ದನ್ನು ನಾನೇ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಯಿ ಕೊಡುವವರು ಇದು ಅಟ್ಟದ್ದೋ ಕಾರಿನದೋ ಎಂದು ಕೇಳಿದರು. ಕೇಳಲಿ, ನನಗೆ ಆಗಬೇಕಾದದ್ದೇ. ಸಂಜೆ ಟೆಂಪೋದವನನ್ನು ಹಿಡಿದು, ಕಣ್ಣಾರೆ ಕಂಡಿದ್ದೀಯಲ್ಲ, ಇನ್ನು ಗಾಡಿಯನ್ನು ಅವನ ಹತ್ತಿರವೇ ಬಿಡು ಎಂದೆ.

“ಪಾಪ, ಅವ್ನದೇನೂ ತಪ್ಪಿಲ್ಲ ಬುಡಣ್ಣ,” ಎಂದ. “ಆದ್ರೆ ಈಗ ಅಲ್ಲೇ ರೂಢಿ ಆಗೋಯ್ತು.”

ಟೆಂಪೋ ಸ್ಟಾರ್ಟ್ ಮಾಡಿ, ಆ ಇನ್ನೊಂದು ಗ್ಯಾರೇಜಿನ ಕಡೆಗೆ ತಿರುಗಿಸಿದ.